ಹಸಿ ಮೊಟ್ಟೆಯೋ ಬೆಂದದ್ದೋ? ತಿರುಗಿಸಿ ನೋಡಿ

ಬೇಯಿಸಿದ ಮೊಟ್ಟೆ ಮಿಕ್ಕಿತು ಅಂತ ಮನೆಯಲ್ಲಿ ಯಾರೋ ಅದನ್ನು ಹಸಿ ಮೊಟ್ಟೆಗಳ ಜೊತೆಗೇ ಫ್ರಿಜ್‌ನಲ್ಲಿ ಇಟ್ಟುಬಿಡುತ್ತಾರೆ. ಮಾರನೆಯ ದಿನ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಸುಮ್ನೆ ಒಡೆದು ನೋಡಬೇಡಿ. ಅಡುಗೆ ಕಟ್ಟೆಯನ್ನು ಒರೆಸಿ, ಅಂಚಿನಿಂದ ದೂರದಲ್ಲಿ ಮೊಟ್ಟೆಯನ್ನು ಅಡ್ಡ ಮಲಗಿಸಿ, ಬೆರಳಲ್ಲಿ ಹಿಡಿದು ತಿರುಗಿಸಿ ಬಿಡಿ. ಬೆಂದದ್ದಾದರೆ ಬುಗುರಿ ಹಾಗೆ ಸಲೀಸಾಗಿ ಸುತ್ತುತ್ತದೆ. ಹಸಿಯದ್ದು ಓಲಾಡಿಕೊಂಡು, ನಿಧಾನವಾಗಿ ಸುತ್ತಿ ಬೇಗ ನಿಲ್ಲುತ್ತದೆ. ಬೆಂದದ್ದರ ಒಳಗೆಲ್ಲಾ ಗಟ್ಟಿ, ಸಿಪ್ಪೆ ಜೊತೆಗೇ ತಿರುಗುತ್ತದೆ. ಹಸಿಯದರಲ್ಲಿ ನೀವು ತಿರುಗಿಸುವುದು ಸಿಪ್ಪೆಯನ್ನು ಮಾತ್ರ. ಒಳಗಿನ ಲೋಳೆ ಹಿಂದೆ ಬಿದ್ದು ಅದನ್ನು ಎಳೆಯುತ್ತಿರುತ್ತದೆ.

ಆದರೂ ಅನುಮಾನವೇ? ಇನ್ನೊಂದು ಸಲ ಜೋರಾಗಿ ತಿರುಗಿಸಿ. ಸುತ್ತುತ್ತಿರುವಾಗ ಮೇಲೆ ಬೆರಳಿಟ್ಟು ನಿಲ್ಲಿಸಿ, ತಕ್ಷಣ ಬೆರಳು ತೆಗೆಯಿರಿ. ಬೆಂದ ಮೊಟ್ಟೆ ಅಲ್ಲೇ ನಿಲ್ಲುತ್ತದೆ. ಹಸಿ ಮೊಟ್ಟೆ ತಾನಾಗಿಯೇ ಮತ್ತೆ ಸುತ್ತಲು ಶುರು ಮಾಡುತ್ತದೆ. ಸಿಪ್ಪೆ ನಿಂತರೂ ಒಳಗಿನ ಲೋಳೆ ತಿರುಗುತ್ತಲೇ ಇತ್ತಲ್ಲ, ಅದೇ ಸಿಪ್ಪೆಯನ್ನು ಮತ್ತೆ ಎಳೆದುಕೊಂಡು ಹೋಗುತ್ತದೆ. ನನಗೆ ಹೆಚ್ಚು ನಂಬಿಕೆ ಈ ಎರಡನೆಯ ಪರೀಕ್ಷೆಯ ಮೇಲೆಯೇ. ಬೆರಳನ್ನು ಜಾಸ್ತಿ ಹೊತ್ತು ಒತ್ತಿಟ್ಟರೆ ಮಾತ್ರ ಒಳಗಿನದೂ ನಿಂತುಬಿಡುತ್ತದೆ. ಅರ್ಧಂಬರ್ಧ ಬೆಂದ ಮೊಟ್ಟೆಯಲ್ಲಿ ಎರಡೂ ಪರೀಕ್ಷೆ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಪೂರ್ತಿ ಬೆಂದ ಮೊಟ್ಟೆಯನ್ನು ಕೈಲಾದಷ್ಟು ಜೋರಾಗಿ ತಿರುಗಿಸಿ ತೋರಿಸಿ. ಅಡ್ಡ ಮಲಗಿದ್ದದ್ದು ಎದ್ದು ನೆಟ್ಟಗೆ ನಿಂತು ಸುತ್ತುತ್ತದೆ! ಕೀತ್ ಮೊಫಟ್ ಮತ್ತು ಯುಟಾಕಾ ಶಿಮೊಮುರಾ ಎಂಬ ಇಬ್ಬರು ವಿಜ್ಞಾನಿಗಳು 2002ರಲ್ಲಿ ಇದರ ಲೆಕ್ಕಾಚಾರವನ್ನು ‘ನೇಚರ್’ ಪತ್ರಿಕೆಯಲ್ಲಿ ಬಿಡಿಸಿಟ್ಟರು. ಮೇಜಿಗೂ ಸಿಪ್ಪೆಗೂ ಆಗುವ ಉಜ್ಜಾಟವೇ ಅದನ್ನು ಮೇಲೆಬ್ಬಿಸುವುದಂತೆ. ತೀರಾ ನುಣುಪಾದ ಜಾಗದಲ್ಲಿ ಏಳುವುದಿಲ್ಲ.

ನೀರಿಗೆ ಹಾಕಿ ನೋಡುವ ಪರೀಕ್ಷೆಯನ್ನು ಇದರ ಜೊತೆ ಬೆರೆಸಬೇಡಿ. ಅದು ಹೇಳುವುದು ಹಸಿ ಮೊಟ್ಟೆ ಎಷ್ಟು ಹಳೆಯದು ಅಂತ. ಹೊಸದು ತಳದಲ್ಲಿ ಮಲಗುತ್ತದೆ. ದಿನ ಕಳೆದಂತೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಒಳಗಿನ ತೇವ ಆರಿ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಆಗ ದಪ್ಪ ತುದಿ ಮೇಲೇಳುತ್ತದೆ. ತೀರಾ ಹಳೆಯದು ತೇಲುತ್ತದೆ, ಅದನ್ನು ಬಳಸದಿರುವುದೇ ಒಳ್ಳೆಯದು.

ಇನ್ನು ಮುಂದೆ ಬೇಯಿಸಿಟ್ಟ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು ಬರೆದಿಡಿ. ಸಿಪ್ಪೆ ಸಮೇತ ಫ್ರಿಜ್‌ನಲ್ಲಿಟ್ಟದ್ದನ್ನು ವಾರದೊಳಗೆ ತಿಂದು ಮುಗಿಸಿ.