ಅಜ್ಜನ ರಿವಾಲ್ವರ್‌ಗೆ ಬೆಲೆ ಕಟ್ಟುವಾಗ ನಾನು ನೋಡುವುದು

ಚಳ್ಳಕೆರೆ, ಹೊಳಲ್ಕೆರೆ ಕಡೆಯ ಹಳೇ ಪಟೇಲರ ಮನೆಗಳಲ್ಲಿ ರಿವಾಲ್ವರ್ ತೋರಿಸಿದರೆ ನಾನು ಮೊದಲು ಕೇಳುವುದು ಲೈಸೆನ್ಸ್ ಪುಸ್ತಕ. ಅಜ್ಜ ತೀರಿಕೊಂಡ ಮೇಲೆ ಯಾರ ಹೆಸರಿಗೂ ಆಗಿಲ್ಲವೆಂದರೆ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಡಿಪಾಜಿಟ್ ಮಾಡಿ, ಡಿಸಿ ಕಚೇರಿಗೆ ಅರ್ಜಿ ಕೊಡಬೇಕು. ಬೆಲೆಯ ಮಾತು ಆಮೇಲೆ.

ಇಂಗ್ಲೆಂಡಿನ ವೆಬ್ಲಿ ಕಂಪನಿಯದಾದರೆ ಎಡಗಡೆ ಹೆಬ್ಬೆರಳಿಗೆ ಸಿಗುವ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಚಿ, ಗುಂಡು ಕೂರುವ ಆರೂ ಮನೆ ಖಾಲಿಯೇ ಎಂದು ನೋಡಿಕೊಳ್ಳುತ್ತೇನೆ. ಖಾಲಿ ಇದ್ದರೂ ಟ್ರಿಗರ್ ಎಳೆದಾಡುವುದಿಲ್ಲ. ಹಳೇ ಸ್ಪ್ರಿಂಗ್ ಮುರಿದರೆ ಹೊಂದುವ ಬಿಡಿಭಾಗ ಸಿಗುವುದು ಕಷ್ಟ.

1915ರಲ್ಲಿ ಬ್ರಿಟಿಷ್ ಸೇನೆ ತೆಗೆದುಕೊಂಡ ವೆಬ್ಲಿ ಮಾರ್ಕ್ 6 ಮಾದರಿಗೆ 6 ಇಂಚಿನ ನಳಿಗೆ, ಚೌಕ ಹಿಡಿ, .455 ಬೋರ್. ಫ್ರೇಮ್ (ಗನ್ನಿನ ಮೈಕಟ್ಟು), ಸಿಲಿಂಡರ್ (ಗುಂಡು ತುಂಬುವ ತಿರುಗುವ ಭಾಗ), ನಳಿಗೆ ಮೂರರ ಮೇಲೂ ಒಂದೇ ನಂಬರ್ ಇರಬೇಕು. ಸಿಲಿಂಡರ್ ಬೇರೆ ಗನ್ನಿನದಾದರೆ ನಾನು ಬೆಲೆಯನ್ನು ಮೂರನೇ ಒಂದು ಪಾಲಾದರೂ ಇಳಿಸುತ್ತೇನೆ. ನಂಬರನ್ನೇ ಉಜ್ಜಿ ಅಳಿಸಿದ್ದನ್ನು ಮುಟ್ಟುವುದೇ ಇಲ್ಲ, ಅದು ಆಯುಧ ಕಾಯ್ದೆಯಡಿ ಅಪರಾಧ. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಎಂದಿದ್ದರೆ ಬೆಲ್ಜಿಯಂನ ಲಿಯೇಜ್‌ನದು. ಬುಲ್‌ಡಾಗ್ ಎಂಬ ಗಿಡ್ಡ ನಳಿಗೆಯ ಇಂಗ್ಲಿಷ್ ರಿವಾಲ್ವರ್ ಮಾದರಿಯ ನಕಲುಗಳು ಅಲ್ಲಿಂದ ರಾಶಿ ಬಂದಿವೆ. ಅಕ್ಷರ ವಾರೆಯಾಗಿ, ಇಂಗ್ಲಿಷಿನ ಎನ್ ಅಕ್ಷರ ತಿರುಗಿ ಬಿದ್ದಿದ್ದರೆ ಖೈಬರ್ ಕಡೆಯ ವಾಯವ್ಯ ಗಡಿನಾಡ ಕುಲುಮೆಯ ಕೈಗೆಲಸ.

ಹೊತ್ತು ಹಿಡಿಯುವುದು ಮೈಬಣ್ಣಕ್ಕೆ. ಮೂಲ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಟ್ಟ ನೀಲಿಗಪ್ಪು ಬಣ್ಣ, ನಳಿಗೆಯ ತುದಿಯಲ್ಲಿ, ಅಂಚುಗಳಲ್ಲಿ, ಕೈ ತಾಗುವಲ್ಲಿ ಮೊದಲು ಸವೆಯುತ್ತದೆ, ತಗ್ಗುಗಳಲ್ಲಿ ಉಳಿಯುತ್ತದೆ. ಎಲ್ಲೆಡೆ ಒಂದೇ ಸಮ ಕಪ್ಪಾಗಿ ಹೊಳೆಯುತ್ತಿದ್ದು, ಅಕ್ಷರ ಮಸುಕಾಗಿ, ಅಂಚು ದುಂಡಗಾಗಿ, ತಿರುಪಿನ ತೂತಿನ ಬಾಯಿ ಬಟ್ಟಲಿನಂತೆ ತಗ್ಗಿದ್ದರೆ, ಉಜ್ಜಿ ಹೊಸ ಬಣ್ಣ ಹಾಕಿಸಿದ್ದಾರೆ. ಮನೆಯವರಿಗೆ ಅದೇ ಚಂದ. ಸಂಗ್ರಾಹಕರಿಗೆ ಬಣ್ಣಗೆಟ್ಟ ಮೂಲವೇ ಬೇಕು. ತಿರುಪಿನ ತಲೆಯ ಗೀರು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ, ಒಳಗೂ ಭಾಗ ಬದಲಾಗಿರಬಹುದು.

ನಮ್ಮ ಕಡೆ ಹೆಚ್ಚು ಹಾಳು ಮಾಡುವುದು ಆಯುಧಪೂಜೆ. ನೀರಲ್ಲಿ ಕಲಸಿದ ಅರಿಶಿನ, ಕುಂಕುಮ ಕೆತ್ತನೆಯೊಳಗೆ ಕೂತು ತೇವ ಹಿಡಿದು ಅಲ್ಲೇ ತುಕ್ಕಿನ ಗುಳಿ ಬೀಳುತ್ತದೆ. ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಇಟ್ಟರೂ ಹಾಗೆಯೇ. ತೆಳು ಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಿತ್ತಾಳೆ ಉಜ್ಜುವ ಬ್ರಾಸೋ, ಮರಳುಕಾಗದ ಬೇಡವೇ ಬೇಡ.

ಬೆಲೆಯನ್ನು ವಿದೇಶದ ಹರಾಜು ನೋಡಿ ಹೇಳುವುದಿಲ್ಲ. 100 ವರ್ಷ ದಾಟಿದ್ದನ್ನು ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಇಲ್ಲಿ ಕೊಳ್ಳುವವನಿಗೂ ಲೈಸೆನ್ಸ್ ಬೇಕು, ಗಿರಾಕಿ ಬೆರಳೆಣಿಕೆ. ರಿಪೇರಿ ಮಾಡಿದರೂ ಹಾರದ ಪುರಾತನ ಗನ್ನಿಗೆ ಆಯುಧ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇದೆ. ಹಾಗಂತ ಹಾರದಂತೆ ಮಾಡಲು ನಳಿಗೆಗೆ ಬೆಸುಗೆ ಹಾಕಿಸಿದರೆ ಸಂಗ್ರಹದ ಬೆಲೆ ಅಲ್ಲಿಗೇ ಹೋಯಿತು.