ಗಂಟಿಲ್ಲದ ಹಲಗೆಗಾಗಿ ಪೈನ್ ತೋಪು ಬೆಳೆಸುವುದು ಹೇಗೆ?

ಪೈನ್ ಹಲಗೆಯೊಂದನ್ನು ಕೈಗೆತ್ತಿಕೊಂಡು ಅದರ ತುದಿ ನೋಡಿ. ಒಂದು ತಿಳಿಬಣ್ಣದ ಪಟ್ಟಿ, ಅದರ ಪಕ್ಕ ಕಂದು ಗೆರೆ, ಮತ್ತೆ ತಿಳಿಪಟ್ಟಿ. ಉಗುರಿನಿಂದ ಒತ್ತಿದರೆ ತಿಳಿಪಟ್ಟಿ ಕುಳಿ ಬೀಳುತ್ತದೆ, ಕಂದು ಗೆರೆ ಜಗ್ಗುವುದಿಲ್ಲ. ಮೊದಲನೆಯದು ವಸಂತದಲ್ಲಿ ಮರ ಅವಸರದಿಂದ ಬೆಳೆದ ಭಾಗ, ಅದರ ಕೋಶಗಳ ಗೋಡೆ ತೆಳು. ಎರಡನೆಯದು ಬೆಳವಣಿಗೆಯ ಕಾಲ ಮುಗಿಯುತ್ತ ಬಂದಾಗ ನಿಧಾನವಾಗಿ ಕಟ್ಟಿದ್ದು, ಗೋಡೆ ದಪ್ಪ. ಎರಡೂ ಸೇರಿದರೆ ಒಂದು ವರ್ಷ.

ಈ ಹಲಗೆ ಎಷ್ಟು ಭಾರ ತಾಳುತ್ತದೆ, ಒಣಗಿದಾಗ ಸೊಟ್ಟಗಾಗುತ್ತದೆಯೇ, ಗಂಟು ಉದುರಿ ತೂತಾಗುತ್ತದೆಯೇ ಎಂಬುದು ಸಾ ಮಿಲ್‌ನಲ್ಲಿ ಬಯಲಾಗುತ್ತದೆ. ಆದರೆ ಅದು ತೀರ್ಮಾನವಾಗಿರುವುದು ಹತ್ತಾರು ವರ್ಷ ಮುಂಚೆ, ತೋಪಿನಲ್ಲಿ. ಪೈನ್, ಸ್ಪ್ರೂಸ್, ಫರ್, ದೇವದಾರಿನಂಥ ಸೂಚಿಪರ್ಣಿ ಮರಗಳಿಗೆಲ್ಲ ಈ ಮಾತು ಸಲ್ಲುತ್ತದೆ. ತೋಪು ನೋಡಿಕೊಳ್ಳುವವರ ಕೈಯಲ್ಲಿರುವ ದೊಡ್ಡ ಹತಾರ ಬೆಳಕು. ಯಾವ ಮರಕ್ಕೆ, ಯಾವ ವಯಸ್ಸಿನಲ್ಲಿ, ಎಷ್ಟು ಬೆಳಕು ಬಿಡಬೇಕು ಎನ್ನುವುದೇ ಕೆಲಸವೆಲ್ಲ.

ನೆಡುವಾಗ

2 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2500 ಸಸಿ ಹಿಡಿಯುತ್ತವೆ. 3 ಮೀಟರ್ ಬಿಟ್ಟರೆ ಸುಮಾರು 1100. ಅಂತರ ಹೆಚ್ಚಿದ್ದಲ್ಲಿ ಮರ ಬೇಗ ದಪ್ಪವಾಗುತ್ತದೆ, ನೋಡುವುದಕ್ಕೂ ಖುಷಿ. ಆದರೆ ಕೆಳಗಿನ ಕೊಂಬೆಗಳಿಗೂ ಬಿಸಿಲು ಸಿಗುವುದರಿಂದ ಅವು ಸಾಯದೆ ತೋಳಿನಷ್ಟು ದಪ್ಪವಾಗುತ್ತವೆ. ದಪ್ಪ ಕೊಂಬೆ ಎಂದರೆ ಹಲಗೆಯಲ್ಲಿ ದಪ್ಪ ಗಂಟು. ಕಾಂಡವೂ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ತಿರುಳಿನ ಸುತ್ತಲಿನ ಮೊದಲ 10ರಿಂದ 20 ಉಂಗುರಗಳು ಎಳಸು ಮರ. ಅದರ ಸಾಂದ್ರತೆ ಕಡಿಮೆ, ಕೋಶಗಳ ಗೋಡೆಯೊಳಗಿನ ಸೂಕ್ಷ್ಮ ಎಳೆಗಳು ನೆಟ್ಟಗಿರದೆ ಓರೆಯಾಗಿರುತ್ತವೆ. ಹಾಗಾಗಿ ಒಣಗುವಾಗ ಅದು ಉದ್ದದಲ್ಲೂ ಕುಗ್ಗಿ ಹಲಗೆಯನ್ನು ಬಾಗಿಸುತ್ತದೆ. ಆ ವರ್ಷಗಳಲ್ಲಿ ಮರ ಓಡೋಡಿ ಬೆಳೆದರೆ ಎಳಸಿನ ಭಾಗವೇ ಅಗಲವಾಗುತ್ತದೆ. ತೇಗ, ಓಕ್ ಬೆಳೆಸಿದವರು ಇಲ್ಲಿ ಎಡವುವುದುಂಟು. ಅಂಥ ಮರಗಳಲ್ಲಿ ಬೇಗ ಬೆಳೆದ ಮಾತ್ರಕ್ಕೆ ನಾಟಾ ಹಗುರವಾಗುವುದಿಲ್ಲ. ಸೂಚಿಪರ್ಣಿಗಳಲ್ಲಿ ಉಂಗುರ ಅಗಲವಾದಷ್ಟೂ ಸಾಮಾನ್ಯವಾಗಿ ತಿಳಿಪಟ್ಟಿಯೇ ಹಿಗ್ಗಿ ಸಾಂದ್ರತೆ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ನಾಟಾ ಬೇಕಿದ್ದರೆ ಮೊದಲು ಒತ್ತಾಗಿ ನೆಟ್ಟು, ಆಮೇಲೆ ಜಾಗ ಬಿಡಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಂಬೆ ಸವರುವುದು

ಒತ್ತಾಗಿ ನೆಟ್ಟಲ್ಲಿ ಕೆಳಗಿನ ಕೊಂಬೆಗಳು ನೆರಳಿಗೆ ಸಾಯುತ್ತವೆ, ಆದರೆ ಬಹುತೇಕ ಜಾತಿಗಳಲ್ಲಿ ಬೇಗ ಉದುರುವುದಿಲ್ಲ. ಕೊಂಬೆ ಜೀವಂತವಾಗಿದ್ದಷ್ಟು ದಿನ ಅದರ ನಾರು ಕಾಂಡದ ನಾರಿನೊಂದಿಗೆ ಹೆಣೆದುಕೊಂಡಿರುತ್ತದೆ, ಗಂಟು ಬಿಗಿ. ಸತ್ತ ಮೇಲೆ ಕಾಂಡ ಅದನ್ನು ಮೊಳೆಯಂತೆ ಸುತ್ತುವರಿದು ಬೆಳೆಯುತ್ತದೆ. ಹಲಗೆ ಒಣಗಿದಾಗ ಸುತ್ತ ಕಪ್ಪು ಅಂಚಿರುವ ಗಂಟನ್ನು ಬೆರಳಿನಿಂದ ತಳ್ಳಿ, ಟಕ್ಕನೆ ಹೊರಬೀಳುತ್ತದೆ. ಅದು ಸತ್ತ ಕೊಂಬೆಯ ಗಂಟು.

ಇದಕ್ಕೆ ಮದ್ದು ಗರಗಸ. ಕಾಂಡ ಇನ್ನೂ 10 ಸೆಂಟಿಮೀಟರ್ ಆಸುಪಾಸಿನಲ್ಲಿರುವಾಗಲೇ ಸವರಿದರೆ ಗಂಟುಗಳೆಲ್ಲ ನಡುವಿನ ಸಣ್ಣ ಕಂಬದೊಳಗೆ ಉಳಿದು, ಆಮೇಲೆ ಬೆಳೆದದ್ದು ಶುಭ್ರವಾಗಿರುತ್ತದೆ. ಒಂದೇ ಸಲ ಬೋಳಿಸಬೇಡಿ. ಮೊದಲು ಸುಮಾರು 2 ಮೀಟರ್‌ವರೆಗೆ, ಕೆಲವು ವರ್ಷ ಬಿಟ್ಟು 4ಕ್ಕೆ, ಮತ್ತೆ 6ಕ್ಕೆ. ಪ್ರತಿ ಸಲವೂ ಮರದ ಎತ್ತರದ ಅರ್ಧದಷ್ಟಾದರೂ ಹಸಿರು ಉಳಿದಿರಬೇಕು, ಇಲ್ಲದಿದ್ದರೆ ಬೆಳವಣಿಗೆ ಕುಂಠಿತವಾಗುತ್ತದೆ. ಎಲ್ಲ ಮರಗಳನ್ನೂ ಸವರುವುದು ದುಡ್ಡು ದಂಡ. ಕೊನೆಯ ಕಟಾವಿನವರೆಗೆ ಉಳಿಯಬೇಕಾದ ನೆಟ್ಟನೆಯ ಮರಗಳನ್ನು ಆರಿಸಿ ಬಣ್ಣ ಬಳಿದು, ಅವನ್ನಷ್ಟೇ ಸವರಿ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬಿದ ಕೊರಳಿದೆ, ಕೈಯಾಡಿಸಿದರೆ ತಿಳಿಯುತ್ತದೆ. ಗರಗಸ ಅದರ ಹೊರಗೇ ಓಡಬೇಕು. ಕೊರಳನ್ನೇ ಕತ್ತರಿಸಿದರೆ ಗಾಯ ದೊಡ್ಡದಾಗಿ ಕೊಳೆ ಒಳಹೊಗುತ್ತದೆ. ಒಂದು ಗೇಣು ಮೋಟು ಬಿಟ್ಟರೆ ಅದೇ ಸತ್ತ ಗಂಟಾಗಿ ಹಲಗೆಯಲ್ಲಿ ಕೂರುತ್ತದೆ. ಭಾರದ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಿರಿ. ಆಗ ತೊಗಟೆ ಹರಿದುಬರುವುದಿಲ್ಲ. ಮರ ವಿಶ್ರಾಂತಿಯಲ್ಲಿರುವ ಒಣಹವೆಯ ದಿನಗಳು ಇದಕ್ಕೆ ಪ್ರಶಸ್ತ. ಕೊಡಲಿ, ಮಚ್ಚು ಬೇಡವೇ ಬೇಡ.

ಜಾಗ ಬಿಡಿಸುವುದು

ತುದಿಗಳು ಒಂದಕ್ಕೊಂದು ತಾಗಿ, ಹಸಿರಿರುವ ಭಾಗ ಮೇಲೇರುತ್ತ ಹೋದಾಗ ಕೆಲವು ಮರಗಳನ್ನು ತೆಗೆಯಲೇಬೇಕು. ಹಸಿರು ಭಾಗ ಎತ್ತರದ ಮೂರನೇ ಒಂದಕ್ಕಿಂತ ಕಡಿಮೆಯಾಗುವವರೆಗೆ ಕಾದರೆ ತಡವಾಯಿತು. ಅಂಥ ಮರ ಜಾಗ ಕೊಟ್ಟರೂ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ.

ಇನ್ನೊಂದು ಲೆಕ್ಕ: ಎತ್ತರವನ್ನು ಎದೆಮಟ್ಟದ ವ್ಯಾಸದಿಂದ ಭಾಗಿಸಿ, ಎರಡೂ ಒಂದೇ ಮಾನದಲ್ಲಿರಲಿ. 20 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪ ಇದ್ದರೆ 100. ಇದು ಗಾಳಿಗೆ ಮುರಿಯುವ ಮರ. 80ರ ಕೆಳಗಿದ್ದರೆ ನೆಮ್ಮದಿ. 100ರ ಹತ್ತಿರವಿರುವ ತೋಪಿನಲ್ಲಿ ಒಂದೇ ಸಲ ಅರ್ಧಕ್ಕರ್ಧ ಕಡಿದರೆ ಉಳಿದವನ್ನು ಗಾಳಿ ಕೆಡವುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ತೆಗೆಯಿರಿ. ಉಂಗುರಗಳೂ ಆಗ ಒಂದೇ ಸಮ ಬರುತ್ತವೆ.

ಮೊದಲು ಹೋಗಬೇಕಾದ್ದು ಕವಲೊಡೆದವು, ಡೊಂಕಾದವು, ಗಾಯವಾದವು, ನೆರೆಯವರನ್ನು ತುಳಿದು ದಪ್ಪ ಕೊಂಬೆ ಚಾಚಿದವು. ವಾಲಿದ ಮರಗಳನ್ನಂತೂ ಬಿಡಲೇಬೇಡಿ. ಸೂಚಿಪರ್ಣಿ ವಾಲಿದರೆ ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳಲು ಕೆಳಮಗ್ಗುಲಿಗೆ ಕೆಂಗಂದು ಬಣ್ಣದ, ಗಡುಸಾದ ಕಂಪ್ರೆಷನ್ ವುಡ್ ಕಟ್ಟುತ್ತದೆ. ಒಳ್ಳೆಯ ಮರ ಉದ್ದದಲ್ಲಿ ಶೇ 0.1ರಿಂದ 0.2ರಷ್ಟು ಮಾತ್ರ ಕುಗ್ಗಿದರೆ ಇದು ಅದರ ಹಲವು ಪಟ್ಟು ಕುಗ್ಗಿ, ಹಲಗೆಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ.

ಕಡಿದ ದಿಮ್ಮಿ ಎಳೆಯುವಾಗ ನಿಂತ ಮರಗಳ ಬುಡ ತರಚದಂತೆ ನೋಡಿಕೊಳ್ಳಿ. ಬೇರುಕೊಳೆ ತರುವ ಹೆಟಿರೊಬೇಸಿಡಿಯನ್ ಶಿಲೀಂಧ್ರ ಇರುವ ಪ್ರದೇಶದಲ್ಲಿ ಹೊಸ ಬೊಡ್ಡೆಗಳಿಗೆ ಕೂಡಲೇ ರೋಗ ತಡೆಯುವ ದ್ರಾವಣ ಹಚ್ಚುತ್ತಾರೆ. ಇಲ್ಲದಿದ್ದರೆ ಬೊಡ್ಡೆಯಿಂದ ಬೇರಿನ ಮೂಲಕ ರೋಗ ಪಕ್ಕದ ಮರಕ್ಕೆ ದಾಟುತ್ತದೆ.

ಗೊಬ್ಬರದ ಬಗ್ಗೆ ಒಂದೇ ಮಾತು: ಮಣ್ಣು ಬಡವಾಗಿದ್ದರೆ ಸಾರಜನಕ ಕೊಡಿ, ಆದರೆ ಎಳಸು ಉಂಗುರಗಳ ಕಾಲ ದಾಟಿದ ಮೇಲೆ, ಜಾಗ ಬಿಡಿಸಿದ ನಂತರ.

ಕಟಾವು ಯಾವಾಗ?

ನ್ಯೂಜಿಲೆಂಡಿನಲ್ಲಿ ರೇಡಿಯೇಟಾ ಪೈನ್ ಸಾಮಾನ್ಯವಾಗಿ 25–30 ವರ್ಷಕ್ಕೆ ಕಟಾವಿಗೆ ಬರುತ್ತದೆ. ಸ್ವೀಡನ್, ಫಿನ್ಲೆಂಡಿನ ಚಳಿಯಲ್ಲಿ ಪೈನ್, ಸ್ಪ್ರೂಸ್‌ಗಳಿಗೆ 60 ವರ್ಷ, ಎಷ್ಟೋ ಕಡೆ 100 ವರ್ಷವೂ ಹಿಡಿಯುತ್ತದೆ. ವಯಸ್ಸಿಗಿಂತ ನಡುವಿನ ಗಂಟಿನ ಕಂಬದ ಪಾಲನ್ನು ಲೆಕ್ಕ ಹಾಕಿ. ಆ ಕಂಬ 15 ಸೆಂಟಿಮೀಟರ್ ಇದ್ದು ದಿಮ್ಮಿ 25 ಸೆಂಟಿಮೀಟರ್ ಇರುವಾಗ ಕಡಿದರೆ, ಅಡ್ಡಕೊಯ್ತದ ಶೇ 36 ಗಂಟಿನ ಭಾಗ. 40 ಸೆಂಟಿಮೀಟರ್ ಆಗುವವರೆಗೆ ಕಾದರೆ ಅದು ಶೇ 14ಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಸವರಿ, ಕಾದು, ಕೊನೆಯ ಹತ್ತು ವರ್ಷಕ್ಕೆ ಅವಸರಪಟ್ಟು ಕಡಿಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸವರಿದ ದಿನವೇ ಯಾವ ಸಾಲು, ಯಾವ ವರ್ಷ, ಎಷ್ಟು ಎತ್ತರದವರೆಗೆ, ಆಗ ಕಾಂಡ ಎಷ್ಟು ದಪ್ಪವಿತ್ತು ಎಂದು ಪುಸ್ತಕದಲ್ಲಿ ಬರೆದಿಡಿ. ಗಾಯ ಮಾಯ್ದು ತೊಗಟೆ ಮುಚ್ಚಿದ ಮೇಲೆ ಒಳಗಿನ ಕಂಬ ಎಷ್ಟು ಸಣ್ಣದೆಂದು ಹೊರಗಿನಿಂದ ಹೇಳುವುದು ಕಷ್ಟ. ದಿಮ್ಮಿ ಕೊಳ್ಳುವವರಿಗೆ ತೋರಿಸಲು ನಿಮ್ಮ ಬಳಿ ಇರುವುದು ಆ ಪುಟವೇ.