ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಬೇರೆ ಬೇರೆ ಟೈರ್: ಕಂಪನಿ ಹೆಸರಿಗಿಂತ ಮೊದಲು ಸುತ್ತಳತೆ ನೋಡಿ

ಒಂದು ಟೈರ್ ಪಕ್ಕದಲ್ಲಿ ಸೀಳಿದೆ, ಉಳಿದ ಮೂರು ಅರ್ಧ ಸವೆದಿವೆ. ಅಂಗಡಿಯಲ್ಲಿ ಸೈಜ್ ನೋಡಿ "ಒಂದೇ ಹೊಸದು ಹಾಕಿಸಿ, ಏನೂ ಆಗಲ್ಲ" ಅಂತಾರೆ. ಎರಡೇ ಚಕ್ರ ಎಳೆಯುವ ಕಾರಿನಲ್ಲಿ ಆ ಮಾತು ಹೇಗೋ ನಡೆಯುತ್ತದೆ. ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ನಡೆಯುವುದಿಲ್ಲ, ದಯವಿಟ್ಟು ಒಪ್ಪಿಕೊಳ್ಳುವ ಮುಂಚೆ ಅಳೆದು ನೋಡಿ.

ಲೆಕ್ಕ ಸುಲಭ ಇದೆ. ಟ್ರೆಡ್, ಅಂದರೆ ನೆಲ ಮುಟ್ಟುವ ಅಚ್ಚಿನ ರಬ್ಬರ್, 1 ಮಿ.ಮೀ. ಸವೆದರೆ ಟೈರಿನ ಸುತ್ತಳತೆ ಸುಮಾರು 6.3 ಮಿ.ಮೀ. ಕಡಿಮೆಯಾಗುತ್ತದೆ. 225/65 ಆರ್17 ಸೈಜಿನ ಟೈರ್ ತಗೊಳ್ಳಿ, ಹೊಸದರ ಸುತ್ತಳತೆ ಸುಮಾರು 2275 ಮಿ.ಮೀ., 3 ಮಿ.ಮೀ. ಸವೆದದ್ದು ಸುಮಾರು 2256. ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಆದರೆ 100 ಕಿ.ಮೀ. ಓಡುವಷ್ಟರಲ್ಲಿ ಸವೆದ ಚಕ್ರ ಸುಮಾರು 370 ಸುತ್ತು ಜಾಸ್ತಿ ತಿರುಗಿರುತ್ತದೆ. ಹಿಂದಿನ ಎರಡೂ ಸವೆದು ಮುಂದಿನ ಎರಡು ಹೊಸದಾಗಿದ್ದರೆ ಈ ಜಗ್ಗಾಟ ಪೂರ್ತಿ, ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಪ್ಯಾಕ್ ಮೇಲೆ ಬೀಳುತ್ತದೆ. ತಿರುವಿನಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡಲಿ ಅಂತ ಇಟ್ಟ ಭಾಗ ಅದು, ಈಗ ನೇರ ರಸ್ತೆಯಲ್ಲೂ ಪುರುಸೊತ್ತಿಲ್ಲದೆ ಉಜ್ಜಿಕೊಳ್ಳುತ್ತಾ ಬಿಸಿಯಾಗುತ್ತದೆ. ಒಂದೇ ಟೈರ್ ಬೇರೆಯಾದರೆ ಆ ಟೈರ್ ಇರುವ ಆಕ್ಸಲ್‌ನ (ಎಡ ಬಲ ಚಕ್ರಗಳನ್ನು ಸೇರಿಸುವ ಅಡ್ಡ ದಂಡದ) ಡಿಫರೆನ್ಷಿಯಲ್‌ಗೂ ಬಿಡುವಿಲ್ಲ.

ಅಳೆಯುವುದು ಹೀಗೆ. ಗಾಡಿ ತಣ್ಣಗಿರುವಾಗ ನಾಲ್ಕಕ್ಕೂ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ. ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಟೈರ್ ನೆಲ ಮುಟ್ಟುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಒಬ್ಬರು ಸ್ಟಿಯರಿಂಗ್ ಮತ್ತು ಬ್ರೇಕ್ ನೋಡಿಕೊಳ್ಳಲಿ. ನ್ಯೂಟ್ರಲ್‌ಗೆ ಹಾಕಿ ನೇರವಾಗಿ ತಳ್ಳಿ, ಒಂದು ಚಕ್ರ ಸರಿಯಾಗಿ 10 ಸುತ್ತು ಮುಗಿಸಿದಾಗ ನಿಲ್ಲಿಸಿ. ಉಳಿದ ಮೂರರ ಗುರುತು ಎಲ್ಲಿದೆ ನೋಡಿ. ಮೇಲಿನ ಉದಾಹರಣೆಯ ಟೈರ್ ಆಗಿದ್ದರೆ ಗುರುತು ಹತ್ತಿರಹತ್ತಿರ 19 ಸೆಂ.ಮೀ. ಆಚೀಚೆ ಆಗಿರುತ್ತದೆ, ಕಣ್ಣಿಗೇ ಕಾಣುತ್ತದೆ. ಟ್ರೆಡ್ ಆಳ ಅಳೆಯುವ ಗೇಜ್ ಇದ್ದರೂ ಇದನ್ನು ಮಾಡಿ, ಯಾಕೆಂದರೆ ಒಂದೇ ಸೈಜ್ ಬರೆದಿರುವ ಎರಡು ಕಂಪನಿಯ ಟೈರ್‌ಗಳು ಹೊಸದರಲ್ಲೇ ಎತ್ತರದಲ್ಲಿ ಒಂದಿಷ್ಟು ಬೇರೆ ಇರಬಹುದು.

ಎಷ್ಟು ವ್ಯತ್ಯಾಸ ನಡೆಯುತ್ತದೆ ಅನ್ನುವುದನ್ನು ಗಾಡಿಯ ಮ್ಯಾನ್ಯುಯಲ್‌ನಲ್ಲೇ ಹುಡುಕಿ. ಜಪಾನಿನ ಕಾರು ಕಂಪನಿ ಸುಬಾರು ಇದರಲ್ಲಿ ಬಹಳ ಬಿಗಿ, ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ 6.4 ಮಿ.ಮೀ. ಮಾತ್ರ. ಟ್ರೆಡ್ ಲೆಕ್ಕದಲ್ಲಿ ಅದು ಬರೀ 1 ಮಿ.ಮೀ.

ಆ ಮಿತಿ ದಾಟಿದರೆ ನಾನು ಮೊದಲು ಹುಡುಕುವುದು ಅದೇ ಕಂಪನಿಯ, ಅದೇ ಮಾಡೆಲ್‌ನ, ನನ್ನದರಷ್ಟೇ ಸವೆದ ಹಳೇ ಟೈರ್. ಟೈರ್ ಪಕ್ಕದಲ್ಲಿರುವ, DOT ಅಂತ ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ಓದಿ: 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಒಳಗಡೆ ತೇಪೆ, ಪಕ್ಕದಲ್ಲಿ ಬಿರುಕು ಇದ್ದರೆ ಬೇಡ. ಕೆಲವು ಕಡೆ ಹೊಸ ಟೈರನ್ನೇ ಯಂತ್ರದಲ್ಲಿ ಹೆರೆದು ಹಳೆಯದರ ಮಟ್ಟಕ್ಕೆ ತಂದುಕೊಡುತ್ತಾರೆ, ಅದೂ ಒಳ್ಳೇ ದಾರಿ. ಎರಡೂ ಆಗದಿದ್ದರೆ ನಾಲ್ಕನ್ನೂ ಬದಲಿಸಿ. ಖರ್ಚು ಹೊಟ್ಟೆ ಉರಿಸುತ್ತದೆ, ನಿಜ, ಆದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಖರ್ಚಿನ ಮುಂದೆ ಅದು ಕಡಿಮೆಯೇ.

ಸುತ್ತಳತೆ ಸರಿಹೊಂದಿತು, ಕಂಪನಿ ಮಾತ್ರ ಬೇರೆ ಅಂದರೆ? ಗೇರುಗಳಿಗೆ ತೊಂದರೆಯಿಲ್ಲ, ಹಿಡಿತದ ಪ್ರಶ್ನೆ ಉಳಿಯುತ್ತದೆ. ಒಂದೇ ಆಕ್ಸಲ್‌ನ ಎಡಕ್ಕೊಂದು ಬಲಕ್ಕೊಂದು ಥರ ಯಾವತ್ತೂ ಹಾಕಬೇಡಿ. ಜೊತೆಜೊತೆಯಾಗಿ ಹಾಕಿ, ಜಾಸ್ತಿ ಟ್ರೆಡ್ ಇರುವ ಜೊತೆ ಹಿಂದೆ ಇರಲಿ, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ತಿರುಗಿಬಿಡುತ್ತದೆ, ಹಿಡಿಯುವುದು ಕಷ್ಟ. ಹಿಮದ ಟೈರ್ ಹಾಕುವುದಾದರೆ ನಾಲ್ಕೂ ಹಿಮದ್ದೇ ಬೇಕು. ಮುಂದೆ ಹಿಂದೆ ಬೇರೆ ಸೈಜ್‌ನಲ್ಲೇ ಬಂದ ಗಾಡಿಗೆ ಕಂಪನಿ ಕೊಟ್ಟ ಜೋಡಿಯನ್ನು ಮುಟ್ಟಬೇಡಿ.

ಈಗಾಗಲೇ ಬೆರಸಿ ಓಡಿಸುತ್ತಿದ್ದೀರಾ? ಒಣ ನೆಲದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಗಾಡಿ ಬ್ರೇಕ್ ಹಿಡಿದ ಹಾಗೆ ತಡೆದು ತಡೆದು ಜಗ್ಗಿದರೆ, ಕೆಳಗಿನಿಂದ ಗುಂಯ್ ಅನ್ನುವ ಸದ್ದೋ ಸುಟ್ಟ ಆಯಿಲ್ ವಾಸನೆಯೋ ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ಬೇಕೆಂದಾಗ ಮಾತ್ರ ಲಿವರ್ ಎಳೆದು ಫೋರ್ ವೀಲ್‌ಗೆ ಹಾಕುವ ಗಾಡಿಯಾದರೆ, ಟೂ ವೀಲ್‌ನಲ್ಲಿರುವಾಗ ಈ ಜಗ್ಗಾಟ ಇರುವುದಿಲ್ಲ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕದಿದ್ದರೆ ಸಾಕು.

ಇನ್ನು ಮುಂದೆ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಟೈರ್ ಅದಲುಬದಲು ಮಾಡಿಸಿ, ನಾಲ್ಕೂ ಸಮನಾಗಿ ಸವೆಯುತ್ತವೆ. ಸ್ಟೆಪ್ನಿ ಪೂರ್ತಿ ಸೈಜಿನದಾದರೆ ಅದನ್ನೂ ಸರದಿಗೆ ಸೇರಿಸಿ. ಆಗ ಒಂದು ಹಾಳಾದರೂ ಅಷ್ಟೇ ಸವೆದ ಟೈರ್ ಡಿಕ್ಕಿಯಲ್ಲೇ ಇರುತ್ತದೆ. ತೆಳ್ಳನೆಯ ಸಣ್ಣ ಸ್ಟೆಪ್ನಿ ಆದರೆ ಅದರ ಮೇಲೆ ಬರೆದ ವೇಗ ಮೀರದೆ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಹತ್ತಿರದ ಟೈರ್ ಅಂಗಡಿವರೆಗೆ ಮಾತ್ರ ಓಡಿಸಿ.